ಗೆದ್ದವನ ಕೈಗೆ ಸೋತವನೇ ಬರೆದುಕೊಟ್ಟ ಪತ್ರ: ನೈಲ್ ನದಿಯ ದ್ವೀಪದಲ್ಲಿ ಒಂದು ಸೈಟು ಜಗಳ

ಹಳೇಟ್ರಂಕು:

ಹೋದ ತಿಂಗಳು ಅಪ್ಪನ ಟ್ರಂಕು ತೆಗೆದು ಕಾಗದಪತ್ರ ಜೋಡಿಸ್ತಾ ಕೂತಿದ್ದೆ. ಕ್ರಯಪತ್ರ, ಕಂದಾಯದ ರಸೀದಿ, ಕೈಬರಹದ ಪಹಣಿ, ಅದರ ಮಧ್ಯೆ ಒಂದು ಹಕ್ಕು ಖುಲಾಸೆ ಪತ್ರ. ದೊಡ್ಡಪ್ಪ ಅಪ್ಪನಿಗೆ ಬರೆದುಕೊಟ್ಟದ್ದು. ನನಗೆ ಆಶ್ಚರ್ಯ. ಆ ಜಾಗದ ಕೇಸು ಅಪ್ಪನ ಕಡೆಗೇ ಆಗಿತ್ತಲ್ಲ, ಆಮೇಲೆ ಇದ್ಯಾಕೆ ಅಂತ ಅಮ್ಮನನ್ನು ಕೇಳಿದೆ. "ತೀರ್ಪು ಬಂದ ಮೇಲೂ ವರ್ಷ ಮಾತಿರಲಿಲ್ಲ ಕಣೋ. ಇದನ್ನು ಬರೆದುಕೊಟ್ಟ ದಿನ ನಿಮ್ಮ ದೊಡ್ಡಪ್ಪ ಮನೆಗೆ ಊಟಕ್ಕೆ ಬಂದ್ರು" ಅಂದರು.

ಬರಹದಿಂದ ಇತ್ಯರ್ಥ ಅಂದರೆ ಇದೇ ಅಲ್ವಾ ಅನ್ನಿಸಿತು. ಇದನ್ನು ಇಲ್ಲಿ ಹೇಳೋದಕ್ಕೆ ಕಾರಣ ಇದೆ. ಅದೇ ವಾರ ನಾನು ಎಲಿಫೆಂಟೈನ್ ದ್ವೀಪದಲ್ಲಿ ಸಿಕ್ಕ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಪತ್ರಗಳ ಅನುವಾದ ಓದುತ್ತಿದ್ದೆ. ಎಲಿಫೆಂಟೈನ್ ಅಂದರೆ ಈಜಿಪ್ಟಿನ ದಕ್ಷಿಣ ತುದಿಯಲ್ಲಿ, ಈಗಿನ ಆಸ್ವಾನ್ ಊರಿನ ಎದುರಿಗೆ, ನೈಲ್ ನದಿಯ ನಡುವೆ ಇರುವ ಸಣ್ಣ ದ್ವೀಪ. ಕ್ರಿ.ಪೂ. 525ರಲ್ಲಿ ಪರ್ಷಿಯದವರು ಈಜಿಪ್ಟನ್ನು ಗೆದ್ದುಕೊಂಡರು. ಅವರ ಕಾಲದಲ್ಲಿ ಗಡಿ ಕಾಯೋದಕ್ಕೆ ಇಲ್ಲೊಂದು ಪಡೆ ಇತ್ತು. ಅದರಲ್ಲಿ ಯೆಹೂದಿಗಳು, ಅರಾಮಿಗಳು, ಬ್ಯಾಬಿಲೋನಿನವರು, ದೂರದ ಮಧ್ಯ ಏಷ್ಯಾದವರು, ಎಲ್ಲ ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಅಂಟಿಸಿಕೊಂಡು ಇದ್ದರು. ಗೋಡೆಗೆ ಗೋಡೆ ಅಂಟಿದ ಮೇಲೆ ಜಗಳ ಇರಲೇಬೇಕು, ಅಲ್ವಾ.

ಜಗಳ ಇದು. ದರ್ಗಮಾನ ಅಂತ ಒಬ್ಬ ಸೈನಿಕ. ಅರಲ್ ಸಮುದ್ರದ ಕೆಳಗಿನ ಖ್ವಾರಜ್ಮ್ ಸೀಮೆಯವನು. ಪಕ್ಕದಲ್ಲಿ ಮಹ್ಸೇಯ ಅನ್ನೋ ಯೆಹೂದಿ ಸೈನಿಕ. ಇಬ್ಬರ ಮಧ್ಯೆ ಒಂದು ಖಾಲಿ ಜಾಗ. "ಅದು ನನ್ನದು" ಅಂತ ದರ್ಗಮಾನ ಹೋಗಿ ದಮಿದಾತ ಮತ್ತು ಜೊತೆಯ ನ್ಯಾಯಾಧೀಶರ ಮುಂದೆ ದೂರು ಕೊಟ್ಟ. ಅವರು ಮಹ್ಸೇಯನಿಗೆ ಆಣೆ ಇಡೋದಕ್ಕೆ ಹೇಳಿದರು. ಅವನು, ಅವನ ಹೆಂಡತಿ, ಮಗ, ಮೂರೂ ಜನ ತಮ್ಮ ದೇವರು ಯಾಹೋ ಹೆಸರಿನಲ್ಲಿ "ಇದು ದರ್ಗಮಾನನ ಜಾಗ ಅಲ್ಲ" ಅಂತ ಆಣೆ ಇಟ್ಟರು. ಕೇಸು ಮುಗಿಯಿತು.

ಮುಗಿಯಲಿಲ್ಲ, ಅದೇ ನನಗೆ ಬೇಕಾದ್ದು. ಆಮೇಲೆ ದರ್ಗಮಾನನೇ, ಸೋತವನೇ, ಒಂದು ಪತ್ರ ಬರೆಸಿ ಮಹ್ಸೇಯನ ಕೈಗೆ ಕೊಟ್ಟ. ಕ್ರಿ.ಪೂ. 464. ನನ್ನ ಮಾತಿನಲ್ಲಿ ಹೇಳೋದಾದರೆ ಅದರ ಸಾರ ಹೀಗೆ: ನೀನು ನನಗೆ ಆಣೆ ಇಟ್ಟೆ, ನನ್ನ ಮನಸ್ಸಿಗೆ ಒಪ್ಪಿತು, ನಾನು ಈ ಜಾಗದಿಂದ ಹಿಂದೆ ಸರಿದಿದ್ದೇನೆ. ನಾನಾಗಲಿ, ನನ್ನ ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ ಯಾರೇ ಆಗಲಿ ಇದರ ಮೇಲೆ ಮತ್ತೆ ದಾವೆ ಹೂಡುವ ಹಾಗಿಲ್ಲ. ಹೂಡಿದರೆ ರಾಜನ ತೂಕದ ಕಲ್ಲಿನ ಲೆಕ್ಕದಲ್ಲಿ 20 ಕರ್ಷ ಬೆಳ್ಳಿ ದಂಡ. ದಂಡ ಕಟ್ಟಿದ ಮೇಲೂ ಜಾಗ ನಿನ್ನದೇ.

ಅಪ್ಪನ ಖುಲಾಸೆ ಪತ್ರ ಪಕ್ಕದಲ್ಲಿಟ್ಟುಕೊಂಡು ಓದಿದೆ. ಮೈ ಜುಮ್ ಅಂತು.

ಗೊಣಗಣ್ಣ:

ಕಥೆ ಚೆನ್ನಾಗಿದೆ. ಆದರೆ ಮೂರು ಜನ ಆಣೆ ಇಟ್ಟರೆ ಜಾಗ ಸಿಕ್ಕಿಬಿಡ್ತಾ? ಸರ್ವೆ ಇಲ್ಲ, ಸಾಕ್ಷಿ ಇಲ್ಲ, ದಾಖಲೆ ಇಲ್ಲ. ಹಾಗಾದರೆ ಸುಳ್ಳಾಣೆ ಇಡೋ ಧೈರ್ಯ ಇದ್ದವನೇ ಊರಿಗೆಲ್ಲ ಸೈಟುದಾರ. ಇದನ್ನು "ಬರಹದಿಂದ ಇತ್ಯರ್ಥ" ಅಂತ ಹೇಗೆ ಕರೀತೀರಿ? ದೇವರ ಮೇಲೆ ಭಾರ ಹಾಕಿ ಆಮೇಲೆ ಒಂದು ಕಾಗದ ಮಾಡಿದರು, ಅಷ್ಟೇ.

ಬಾಂಡ್‌ಪೇಪರ್:

ನಾನು 30 ವರ್ಷ ಪತ್ರ ಬರಹಗಾರನಾಗಿ ಕೆಲಸ ಮಾಡಿದವನು. ಗೊಣಗಣ್ಣ ಅವರೇ, ಪತ್ರವೇ ಇಲ್ಲದ ಜಾಗಕ್ಕೆ ಆಣೆ. ಆಣೆ ಆದ ಮೇಲೆ ಪತ್ರ. ಇನ್ನು ಮುಂದೆ ಈ ಜಾಗಕ್ಕೆ ಆಣೆ ಬೇಕಾಗಿಲ್ಲ, ಪತ್ರ ಸಾಕು. ಆ ಕೆಲಸಕ್ಕೇ ಅದನ್ನು ಬರೆಸೋದು. ಕರಾವಳಿ ಕಡೆ ದೇವಸ್ಥಾನದಲ್ಲಿ ಆಣೆ ಮಾಡಿ ಮುಗಿಸಿಕೊಂಡ ಎಷ್ಟು ಜಗಳ ನಾನೇ ನೋಡಿದ್ದೇನೆ, ಮುಗಿಸಿ ಸೀದಾ ನಮ್ಮ ಮೇಜಿನ ಮುಂದೆ ಬಂದು ಕೂರೋರು, "ಬರೀರಿ" ಅಂತ.

ಇನ್ನೊಂದು ನೋಡಿ. ತೀರ್ಪಿನಲ್ಲಿ ಮಾತಾಡೋದು ನ್ಯಾಯಾಧೀಶ. ಇಲ್ಲಿ ಮಾತಾಡೋದು ಸೋತವನು. "ನಾನು ಸರಿದಿದ್ದೇನೆ" ಅಂತ ಅವನ ಬಾಯಲ್ಲೇ ಬರಬೇಕು. ಖುಲಾಸೆ ಪತ್ರದ ಜೀವ ಇರೋದೇ ಆ ಒಂದು ವಾಕ್ಯದಲ್ಲಿ.

ಅಂದ ಹಾಗೆ, ಚೆಕ್ಕುಬಂದಿ ಹಾಕಿದ್ದಾರಾ ಅದರಲ್ಲಿ? ಅದಿಲ್ಲದ ಪತ್ರ ನನಗೆ ಪತ್ರವೇ ಅಲ್ಲ.

ಹಳೇಟ್ರಂಕು:

ಹಾಕಿದ್ದಾರೆ ಸಾರ್, ನಾಲ್ಕೂ ದಿಕ್ಕು! ಪೂರ್ವಕ್ಕೆ ದರ್ಗಮಾನನ ಮನೆ. ಪಶ್ಚಿಮಕ್ಕೆ ಸಾದೋಕನ ಮಗ ಕೊನಾಯನ ಮನೆ. ಕೆಳಕ್ಕೆ ಊರಿಯನ ಮಗ ಯಜಾನಿಯನ ಮನೆ. ಮೇಲಕ್ಕೆ ಎಸ್ಪೆಮೆತ್ ಅನ್ನೋ ಈಜಿಪ್ಟಿನವನ ಮನೆ, ಅವನ ಕಸುಬನ್ನೂ ಬರೆದಿದ್ದಾರೆ: ರಭಸದ ನೀರಿನಲ್ಲಿ ದೋಣಿ ನಡೆಸುವವನು. ಅಲ್ಲೇ ನೈಲ್ ನದಿಯ ಮೊದಲ ಬಂಡೆಸಾಲು ಇರೋದು, ದೋಣಿ ದಾಟಿಸೋದಕ್ಕೆ ಪಳಗಿದ ಕೈ ಬೇಕಿತ್ತು.

ಕೊನಾಯನ ಹೆಸರು ನೆನಪಿಟ್ಟುಕೊಳ್ಳಿ. ಏಳು ವರ್ಷ ಮುಂಚೆ, ಕ್ರಿ.ಪೂ. 471ರಲ್ಲಿ, ಇದೇ ಕೊನಾಯ ಮಹ್ಸೇಯನ ಬಾಗಿಲ ಬಳಿ ಅವನ ಒಪ್ಪಿಗೆ ತಗೊಂಡು ಒಂದು ಗೋಡೆ ಕಟ್ಟಿದ್ದ. ಕಟ್ಟಿದ್ದು ಕೊನಾಯ, ಆದರೆ "ಆ ಗೋಡೆ ನಿನ್ನದು, ಅದರ ಮೇಲೆ ನೀನು ಕಟ್ಟಿದರೆ ನಾನು ತಡೆಯೋ ಹಾಗಿಲ್ಲ, ತಡೆದರೆ 5 ಕರ್ಷ ದಂಡ" ಅಂತ ಬರೆದುಕೊಟ್ಟಿದ್ದಾನೆ. ಒಂದು ಗೋಡೆಗೆ ಒಂದು ಪತ್ರ! ಜಗಳ ಹುಟ್ಟೋ ಮುಂಚೆಯೇ ಮುಗಿಸಿಟ್ಟಿದ್ದಾರೆ.

ಬಾಂಡ್‌ಪೇಪರ್:

ಭೇಷ್. ಮಹ್ಸೇಯ ನಮ್ಮ ಕಡೆ ಗಿರಾಕಿ ಇದ್ದ ಹಾಗಿದ್ದಾನೆ.

ತಾರೀಖು ಹೇಗೆ ಹಾಕಿದ್ದಾರೆ?

ಹಳೇಟ್ರಂಕು:

ಅದೊಂದು ಮಜಾ. ಬ್ಯಾಬಿಲೋನಿನ ತಿಂಗಳಲ್ಲಿ ಒಂದು ತಾರೀಖು, ಈಜಿಪ್ಟಿನ ತಿಂಗಳಲ್ಲಿ ಒಂದು ತಾರೀಖು. ಅದರ ಮೇಲೆ ರಾಜರೂ ಇಬ್ಬರು. ಪತ್ರ ಬರೆಯೋದಕ್ಕೆ ಕೆಲವೇ ತಿಂಗಳ ಮುಂಚೆ ಪರ್ಷಿಯದ ಕ್ಸೆರ್ಕ್ಸೀಸ್ ದೊರೆಯ ಕೊಲೆ ಆಗಿತ್ತು. ಇತು ಅನ್ನೋ ಬರಹಗಾರ ಯಾವುದಕ್ಕೂ ಇರಲಿ ಅಂತ ಸತ್ತ ದೊರೆಯ ಲೆಕ್ಕದಲ್ಲಿ 21ನೇ ವರ್ಷ ಅಂತಲೂ ಹಾಕಿ, ಅರ್ತಕ್ಸೆರ್ಕ್ಸೀಸ್ ಗದ್ದುಗೆ ಏರಿದ ವರ್ಷ ಅಂತಲೂ ಹಾಕಿದ್ದಾನೆ. ಸಾವಿರ ಮೈಲಿಗೂ ಆಚೆಯ ಅರಮನೆಯಲ್ಲಿ ಕೊಲೆ ಆದರೆ ಇಲ್ಲಿ ಒಂದು ಸೈಟಿನ ಪತ್ರದ ತಾರೀಖಿನಲ್ಲಿ ಕಾಣುತ್ತೆ.

ಗೊಣಗಣ್ಣ:

ಸರಿ, ಪತ್ರ ಮಾಡಿದರು. 20 ಕರ್ಷ ಅಂದರೆ ಎಷ್ಟು? ಐವತ್ತು ರೂಪಾಯಿ ದಂಡ ಹಾಕಿ ಬಿಟ್ಟ ಹಾಗೋ, ಅಥವಾ ಮನೆ ಮಾರಬೇಕಾದಷ್ಟೋ?

ಕವಡೆಲೆಕ್ಕ:

ಇದು ನನ್ನ ವಿಷಯ, ನಾನು ಹೇಳ್ತೀನಿ. ಒಂದು ಪರ್ಷಿಯನ್ ಕರ್ಷ ಸುಮಾರು 83 ಗ್ರಾಂ. (ಹೆಸರು ಕೇಳಿದರೆ ನಮ್ಮ ಹಳೇ ನಾಣ್ಯ ಕಾರ್ಷಾಪಣದ ಕರ್ಷ ನೆನಪಾಗುತ್ತೆ, ಆದರೆ ನಮ್ಮ ಕರ್ಷದ ತೂಕ ಬಹಳ ಕಡಿಮೆ.) ಹಾಗಾಗಿ 20 ಕರ್ಷ ಅಂದರೆ ಒಂದೂವರೆ ಕಿಲೋ ದಾಟಿದ ಬೆಳ್ಳಿ. ಒಂದು ಕರ್ಷಕ್ಕೆ 10 ಶೆಕೆಲ್. ಅದೇ ದ್ವೀಪದಲ್ಲಿ ಕ್ರಿ.ಪೂ. 437ರಲ್ಲಿ ಅನನಿಯ ಅನ್ನೋನು ಒಂದು ಮನೆ ಕೊಂಡಿದ್ದು 14 ಶೆಕೆಲ್‌ಗೆ. ಪಾಳು ಬಿದ್ದ ಮನೆ, ಸೋವಿಯಾಗಿ ಸಿಕ್ಕಿರಬಹುದು. ಆದರೂ ಲೆಕ್ಕ ಹಾಕಿ, ದರ್ಗಮಾನ ಮಾತು ತಪ್ಪಿದರೆ ಅಂಥ 14 ಮನೆಯ ದುಡ್ಡು ಕಟ್ಟಬೇಕು. ಅದೂ ಒಂದು ಖಾಲಿ ಜಾಗಕ್ಕೆ. ದಂಡದ ಮೊತ್ತಕ್ಕೂ ಜಾಗದ ಬೆಲೆಗೂ ಸಂಬಂಧವೇ ಇಲ್ಲ. ಹೆದರಿಸೋದಕ್ಕೆ ಹಾಕಿದ್ದು.

ಶಾಸನಪ್ರಿಯೆ:

ನಮ್ಮ ಕಡೆ ಹೆದರಿಸೋದಕ್ಕೆ ಬೇರೆ ದಾರಿ ಇತ್ತು. ದಾನಶಾಸನಗಳ ಕೊನೆಯಲ್ಲಿ ನೋಡಿ, ಇದನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪಕ್ಕೆ ಹೋಗ್ತಾನೆ ಅಂತ. ಹಲ್ಮಿಡಿ ಶಾಸನದಲ್ಲೇ ಇದೆ, ಕೆಡಿಸಿದವನಿಗೆ ಮಹಾಪಾತಕ. ಬೆಳ್ಳಿ ಕೇಳಲ್ಲ, ಶಾಪ ಹಾಕ್ತಾರೆ.

ಬಾಂಡ್‌ಪೇಪರ್:

ತಾಯಿ, ಅದು ಬೇರೆ ಇದು ಬೇರೆ. ಶಾಸನ ಹಾಕಿಸೋರು ಸಾಮಾನ್ಯವಾಗಿ ರಾಜರು, ಅಧಿಕಾರಿಗಳು. ದಾನ ಕೊಟ್ಟದ್ದನ್ನು ಮುಂದೆ ಬರೋ ರಾಜ ಕಿತ್ತುಕೊಳ್ಳಬಾರದು ಅನ್ನೋ ಭಯ. ರಾಜನಿಗೆ ದಂಡ ಹಾಕೋರು ಯಾರು? ಅದಕ್ಕೇ ಶಾಪ. ಇಲ್ಲಿ ಇಬ್ಬರೂ ಸಂಬಳದ ಸಿಪಾಯಿಗಳು, ಅಕ್ಕಪಕ್ಕದ ಮನೆಯವರು. ಇವರಿಗೆ ದಂಡ ಸಾಕು.

ಶಾಸನಪ್ರಿಯೆ:

ಒಪ್ಪಿದೆ ಸಾರ್, ಆ ವ್ಯತ್ಯಾಸ ನಾನು ಯೋಚಿಸಿರಲಿಲ್ಲ.

ವಿಷಯಾಂತರ ಆದರೂ ಒಂದು ಮಾತು. ಪರ್ಷಿಯದವರ ಆಫೀಸಿನ ಭಾಷೆ ಅರಾಮಿಕ್ ಆಗಿತ್ತು, ಈ ಪತ್ರಗಳೆಲ್ಲ ಅದರಲ್ಲೇ ಇರೋದು. ಅದೇ ಅರಾಮಿಕ್ ಲಿಪಿ ಸಿಂಧೂ ಕಡೆಗೂ ಬಂತು, ಅದರಿಂದ ಖರೋಷ್ಠಿ ಹುಟ್ಟಿತು. ಆ ಖರೋಷ್ಠಿ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿದೆ! ಮೊಳಕಾಲ್ಮೂರು ಹತ್ತಿರ ಬ್ರಹ್ಮಗಿರಿಯ ಅಶೋಕನ ಶಾಸನದ ಕೊನೆಯಲ್ಲಿ ಚಪಡ ಅನ್ನೋ ಲಿಪಿಕಾರ ತನ್ನ ಹೆಸರು ಹಾಕಿ, "ಲಿಪಿಕರೇಣ" ಅನ್ನೋ ಒಂದೇ ಪದವನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಉಳಿದದ್ದೆಲ್ಲ ಬ್ರಾಹ್ಮಿ. ನನಗೂ ಬರುತ್ತೆ ನೋಡಿ ಅನ್ನೋ ಹಾಗೆ. ಎಲಿಫೆಂಟೈನ್‌ನ ಬರಹಗಾರರೂ ಕೊನೆಯಲ್ಲಿ "ಇಂಥವನ ಮಗ ಇಂಥವನು ಬರೆದ" ಅಂತ ಹಾಕ್ತಾರೆ, ಅದನ್ನು ಓದಿದಾಗ ನನಗೆ ಚಪಡನೇ ಕಣ್ಣ ಮುಂದೆ ಬಂದ.

ಹಿನ್ನೀರು:

ಎಲ್ಲರೂ ಗಂಡಸರ ಜಗಳವೇ ಮಾತಾಡ್ತಿದ್ದೀರಿ. ನಾನು ಓದಿದ ಪ್ರಕಾರ ಈ ಪತ್ರಗಳ ಕಂತೆಯನ್ನು ಮಿಬ್ತಹಿಯ ಅನ್ನೋ ಹೆಂಗಸಿನ ಹೆಸರಿನಲ್ಲೇ ಕರೀತಾರೆ, ಅಲ್ವಾ? ಅವಳ ಬಗ್ಗೆ ಹೇಳಿ. ನಮ್ಮ ಮನೇಲಿ ಹೆಣ್ಣುಮಕ್ಕಳನ್ನು ಕರೆಸಿ, ಕಾಫಿ ಕೊಟ್ಟು, "ಇಲ್ಲೊಂದು ಸಹಿ ಹಾಕಮ್ಮ" ಅಂತ ಖುಲಾಸೆ ಬರೆಸಿಕೊಳ್ತಾರೆ. ಹಾಗಾಗಿ ಖುಲಾಸೆ ಪತ್ರ ಅಂದ ತಕ್ಷಣ ನನಗೆ ಮೈ ಜುಮ್ ಅನ್ನಲ್ಲ, ಮೈ ಉರಿಯುತ್ತೆ.

ಹಳೇಟ್ರಂಕು:

ನಿಮ್ಮ ಮಾತು ನಿಜ, ನನ್ನ ಅತ್ತೆಯಂದಿರ ಸಹಿಯೂ ಆ ಟ್ರಂಕಿನಲ್ಲಿದೆ. ಅವರನ್ನು ಹೇಗೆ ಕೇಳಿದರು ಅಂತ ನಾನು ಯಾವತ್ತೂ ವಿಚಾರಿಸಿಲ್ಲ.

ಮಿಬ್ತಹಿಯ ಮಹ್ಸೇಯನ ಮಗಳು. ಜಗಳ ಆಗಿದ್ದ ಆ ಜಾಗವನ್ನೇ ಐದು ವರ್ಷ ಆದ ಮೇಲೆ ಅಪ್ಪ ಅವಳಿಗೆ ದಾನಪತ್ರ ಮಾಡಿಕೊಟ್ಟ. ಸಾಕ್ಷಿ ಹಾಕಿದವರು 12 ಜನ. ಜೊತೆಗೆ ಹೇಳಿದ ಮಾತು ಕೇಳಿ: ದರ್ಗಮಾನ ನನಗೆ ಬರೆದುಕೊಟ್ಟ ಪತ್ರವನ್ನೂ ನಿನಗೆ ಕೊಡ್ತಾ ಇದ್ದೀನಿ. ನಾಳೆ ದಿನ ಅವನೋ ಅವನ ಮಗನೋ ದಾವೆ ಹೂಡಿದರೆ ಆ ಪತ್ರ ತೆಗೆದು ತೋರಿಸು, ಅದರ ಮೇಲೆ ವಾದ ಮಾಡು.

ಬಾಂಡ್‌ಪೇಪರ್:

ಮೂಲಪತ್ರ! ಮೂಲಪತ್ರ ಹಸ್ತಾಂತರ ಮಾಡಿದ್ದಾನೆ! ಅದನ್ನು ಹೊಸ ಪತ್ರದಲ್ಲಿ ನಮೂದೂ ಮಾಡಿದ್ದಾನೆ. ಈಗಲೂ ಎಷ್ಟು ಜನ ಇದನ್ನು ಮರೆತು ಆಮೇಲೆ ಬ್ಯಾಂಕಿನವರ ಹತ್ತಿರ ಬೈಸಿಕೊಳ್ತಾರೆ ಗೊತ್ತಾ.

ಹಳೇಟ್ರಂಕು:

ಇನ್ನೂ ಇದೆ. ಅವಳ ಗಂಡ ಯಾರು ಅಂದುಕೊಂಡಿರಿ? ಚೆಕ್ಕುಬಂದಿಯಲ್ಲಿ "ಕೆಳಕ್ಕೆ" ಅಂತ ಬಂದನಲ್ಲ, ಆ ಯಜಾನಿಯ! ಪಕ್ಕದ ಮನೆ ಹುಡುಗ. ಮಗಳಿಗೆ ದಾನಪತ್ರ ಮಾಡಿದ ದಿನವೇ ಅಳಿಯನಿಗೂ ಒಂದು ಪತ್ರ ಮಾಡಿಸಿದ ಮಾವ. ಜಾಗ ನನ್ನ ಮಗಳದು, ನೀನು ಅದರಲ್ಲಿ ಕಟ್ಟು, ಅವಳ ಜೊತೆ ಬಾಳು, ಆದರೆ ಮಾರೋ ಹಕ್ಕು ನಿನಗಿಲ್ಲ, ನಿಮ್ಮಿಬ್ಬರಿಗೆ ಹುಟ್ಟಿದ ಮಕ್ಕಳಿಗೇ ಹೋಗಬೇಕು ಅಂತ. ಅವಳು ಇವನನ್ನು ಬಿಟ್ಟರೆ, ಕಟ್ಟಿದ ಕೂಲಿಯ ಲೆಕ್ಕಕ್ಕೆ ಅರ್ಧ ಇವನಿಗೆ. "ಅವಳು ಬಿಟ್ಟರೆ" ಅನ್ನೋದನ್ನು ಮತ್ತೊಮ್ಮೆ ಓದಿ. ಬಿಡೋ ಹಕ್ಕು ಅವಳಿಗೂ ಇತ್ತು.

ಹಿನ್ನೀರು:

ಇದು ನನಗೆ ಗೊತ್ತಿರಲಿಲ್ಲ. ಮಾವ ಘಾಟಿ.

ಗೊಣಗಣ್ಣ:

ಎಲ್ಲ ಸರಿ, ಮೂಲ ಪ್ರಶ್ನೆಗೆ ಉತ್ತರ ಬರಲಿಲ್ಲ. ಇಷ್ಟೆಲ್ಲ ಪತ್ರ ಮಾಡಿ ಜಗಳ ನಿಂತಿತಾ?

ಹಳೇಟ್ರಂಕು:

ನಿಲ್ಲಲಿಲ್ಲ. ಸುಮ್ನೆ ಯಾಕೆ ಸುಳ್ಳು ಹೇಳಲಿ.

ಕ್ರಿ.ಪೂ. 440ರಲ್ಲಿ ಪೆಯು ಅನ್ನೋ ಕಟ್ಟಡ ಕೆಲಸದವನು ಮಿಬ್ತಹಿಯಳ ಮೇಲೆ ದಾವೆ ಹೂಡಿದ. ಬೆಳ್ಳಿ, ಧಾನ್ಯ, ಬಟ್ಟೆ, ಕಂಚು, ಕಬ್ಬಿಣ, ಮದುವೆ ಪತ್ರ ಅಂತ ಉದ್ದದ ಪಟ್ಟಿ. ಇವನು ಅವಳ ಗಂಡನೇ ಆಗಿದ್ದನಾ ಅಂತ ವಿದ್ವಾಂಸರು ಇನ್ನೂ ಕಿತ್ತಾಡ್ತಾರೆ. ಮತ್ತೆ ಆಣೆ. ಈ ಸಲ ಅವಳು ಆಣೆ ಇಟ್ಟದ್ದು ಸತಿ ಅನ್ನೋ ಈಜಿಪ್ಟಿನ ದೇವತೆ ಮೇಲೆ (ನಮ್ಮ ಸತಿ ಅಲ್ಲ, ಆ ದ್ವೀಪದ ದೇವತೆಯ ಹೆಸರೇ ಅದು). ಯೆಹೂದಿ ಹೆಂಗಸು, ಈಜಿಪ್ಟಿನ ದೇವತೆ! ಅಪ್ಪ ತನ್ನ ದೇವರ ಮೇಲೆ ಆಣೆ ಇಟ್ಟಿದ್ದ. ನನ್ನ ಊಹೆ, ಎದುರಾಳಿಗೆ ಯಾವ ದೇವರ ಆಣೆ ನಂಬಿಕೆಯೋ ಅದನ್ನೇ ಇಟ್ಟಿರಬೇಕು. ಒಪ್ಪಬೇಕಾದವನು ಅವನಲ್ಲವೇ. ಪೆಯು ಕೂಡ ಅದೇ ಧಾಟಿಯಲ್ಲಿ ಬರೆದುಕೊಟ್ಟ: ನಿನ್ನ ಆಣೆ ನನ್ನ ಮನಸ್ಸಿಗೆ ಒಪ್ಪಿತು, ಸರಿದಿದ್ದೇನೆ, ಮತ್ತೆ ದಾವೆ ಹೂಡಿದರೆ 5 ಕರ್ಷ.

ಕ್ರಿ.ಪೂ. 416ರಲ್ಲಿ ಮತ್ತೊಂದು. ಊರಿಯನ ಮೊಮ್ಮಗ ಒಬ್ಬ, ಅಂದರೆ ಯಜಾನಿಯನ ಕಡೆಯವನು, ಯಜಾನಿಯನ ಮನೆಯ ಮೇಲೆ ತನಗಿನ್ನು ಹಕ್ಕಿಲ್ಲ ಅಂತ ಬರೆದುಕೊಟ್ಟ. ಯಾರಿಗೆ? ಮಿಬ್ತಹಿಯ ಆಮೇಲೆ ಮದುವೆಯಾದ ಎಷೋರ್‌ನಿಂದ ಹುಟ್ಟಿದ ಮಕ್ಕಳಿಗೆ. ಮೊದಲ ಗಂಡನ ಮನೆ, ಎರಡನೇ ಗಂಡನ ಮಕ್ಕಳು. ಇದಕ್ಕಿಂತ ಜಾಸ್ತಿ ಕೇಸಿಗೆ ಹೇಳಿ ಮಾಡಿಸಿದ ಸಂದರ್ಭ ಬೇಕಾ?

ಅರವತ್ತು ವರ್ಷದಲ್ಲಿ ಒಂದು ಮನೆತನಕ್ಕೆ ಇಷ್ಟು ಪತ್ರ. ಆದರೆ ಒಂದು ಗಮನಿಸಿ ಗೊಣಗಣ್ಣ ಅವರೇ, ಉಳಿದ ಪತ್ರಗಳಲ್ಲಿ ದರ್ಗಮಾನನ ಕಡೆಯವರು ಆ ಜಾಗಕ್ಕೆ ಮತ್ತೆ ಬಂದದ್ದು ಎಲ್ಲೂ ಕಾಣಲ್ಲ. ಜಗಳ ಹೊಸದಾಗಿ ಹುಟ್ಟುತ್ತಿತ್ತು, ಹಳೇದು ಏಳುತ್ತಿರಲಿಲ್ಲ.

ಗೊಣಗಣ್ಣ:

ಅಷ್ಟು ಮಟ್ಟಿಗೆ ಒಪ್ಪಿದೆ. ಪೂರ್ತಿ ಅಲ್ಲ.

ಹಿನ್ನೀರು:

ಕಂತೆಯ ಕೊನೇ ಪತ್ರವನ್ನು ನಾನೇ ಹುಡುಕಿ ಓದಿದೆ. ಕ್ರಿ.ಪೂ. 410, ಮಿಬ್ತಹಿಯ ತೀರಿಕೊಂಡ ಮೇಲೆ ಅಣ್ಣತಮ್ಮ ಇಬ್ಬರು ಅಮ್ಮನ ಆಸ್ತಿ ಭಾಗ ಮಾಡಿಕೊಂಡದ್ದು. ಆಸ್ತಿ ಅಂದರೆ ಮನುಷ್ಯರು. ಇಬ್ಬರು ಗುಲಾಮರು, ಬಲಗೈ ಮೇಲೆ "ಮಿಬ್ತಹಿಯಳಿಗೆ ಸೇರಿದ್ದು" ಅಂತ ಅರಾಮಿಕ್‌ನಲ್ಲಿ ಗುರುತು ಹಾಕಿದ್ದಾರೆ. ಇವನು ನಿನಗೆ, ಇವನು ನನಗೆ. ಆ ಗುಲಾಮರ ತಾಯಿ ತಬಿ, ಅವಳ ಇನ್ನೊಬ್ಬ ಮಗ ಲಿಲು, ಇವರನ್ನು ಆಮೇಲೆ ಹಂಚಿಕೊಳ್ಳೋಣ ಅಂತ ಬಿಟ್ಟಿದ್ದಾರೆ. ಗೋಡೆಗೆ ಪತ್ರ ಮಾಡಿದ ಹಾಗೇ, ಅದೇ ಅಚ್ಚುಕಟ್ಟಿನಲ್ಲಿ. ಅವಳು ಬಿಡಬಹುದಿತ್ತು ಅಂತ ಖುಷಿಪಟ್ಟಿದ್ದೆ, ಅವಳ ಹೆಸರನ್ನೇ ಇನ್ನೊಬ್ಬರ ಕೈ ಮೇಲೆ ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಶಾಸನಪ್ರಿಯೆ:

ತಬಿಗೆ ಆ ಪತ್ರದಲ್ಲಿ ಏನು ಬರೆದಿದೆ ಅಂತ ಯಾರಾದರೂ ಓದಿ ಹೇಳಿದ್ದರೋ ಇಲ್ಲವೋ.

ಕವಡೆಲೆಕ್ಕ:

ಇವೆಲ್ಲ ಹಾಳಾಗದೆ ಉಳಿದದ್ದು ಹೇಗೆ ಅಂತ ಕೇಳೋರಿದ್ದರೆ: ಒಣ ಹವೆ. ಮತ್ತೆ ಕಟ್ಟುವ ರೀತಿ. ಪಪೈರಸ್ ಸುರುಳಿ ಸುತ್ತಿ, ಮಡಿಸಿ, ದಾರ ಕಟ್ಟಿ, ದಾರದ ಮೇಲೆ ಮಣ್ಣಿನ ಮುದ್ರೆ ಒತ್ತುತ್ತಿದ್ದರು. ಮೆಸೊಪೊಟೇಮಿಯದಲ್ಲಿ ಇನ್ನೂ ಹಿಂದೆ ಜೇಡಿಮಣ್ಣಿನ ಫಲಕದ ಪತ್ರಕ್ಕೆ ಜೇಡಿಮಣ್ಣಿನದೇ ಲಕೋಟೆ ಮಾಡಿ, ಒಳಗಿರೋದನ್ನೇ ಹೊರಗೂ ಬರೀತಿದ್ದರು. ಹೊರಗಿನದನ್ನು ತಿದ್ದಿದ್ದಾರೆ ಅಂತ ಅನುಮಾನ ಬಂದರೆ ಲಕೋಟೆ ಒಡೆದು ಒಳಗಿನದನ್ನು ನೋಡೋದು.

ಆಗಲೇ ಹೇಳಿದೆನಲ್ಲ, 14 ಶೆಕೆಲ್‌ಗೆ ಮನೆ ಕೊಂಡವನು, ಆ ಅನನಿಯನ ಪತ್ರಗಳ ಕಥೆ ಹಳೇಟ್ರಂಕು ಅವರಿಗೆ ಇಷ್ಟ ಆಗುತ್ತೆ. ಚಾರ್ಲ್ಸ್ ವಿಲ್ಬರ್ ಅನ್ನೋ ಅಮೆರಿಕದವನು 1893ರಲ್ಲಿ ಆಸ್ವಾನ್‌ನಲ್ಲಿ ಅವನ್ನು ಕೊಂಡ. 1896ರಲ್ಲಿ ತೀರಿಕೊಂಡ. ಪತ್ರಗಳು ಅವನ ಟ್ರಂಕಿನಲ್ಲೇ ಉಳಿದವು. ಮಗಳು ಸತ್ತ ಮೇಲೆ, 1947ರಲ್ಲಿ, ಬ್ರೂಕ್ಲಿನ್ ಮ್ಯೂಸಿಯಂಗೆ ಬಂದವು. ತೆಗೆದು ನೋಡಿದರೆ ಕೆಲವಕ್ಕೆ ಹಾಕಿದ ದಾರ, ಮುದ್ರೆ ಇನ್ನೂ ಹಾಗೇ ಇತ್ತು. ಅಚ್ಚಾಗಿದ್ದು 1953ರಲ್ಲಿ.

ಬಾಂಡ್‌ಪೇಪರ್:

ಮುದ್ರೆ ಒಡೆಯದೆ ಒಳಗೆ ಯಾವ ಪತ್ರ ಇದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹತ್ತು ಪತ್ರ ಇದ್ದರೆ ಹತ್ತೂ ಒಡೆಯೋದಾ?

ಹಳೇಟ್ರಂಕು:

ಹೊರಮೈ ಮೇಲೆ ಒಂದು ಸಾಲು ಬರೀತಿದ್ದರು ಸಾರ್. "ಸರಿದ ಪತ್ರ, ದರ್ಗಮಾನ ಮಹ್ಸೇಯನಿಗೆ ಬರೆದುಕೊಟ್ಟದ್ದು" ಅನ್ನೋ ಹಾಗೆ.

ನಿನ್ನೆ ಟ್ರಂಕು ವಾಪಸ್ ಜೋಡಿಸಿದೆ. ಪ್ರತಿ ಪತ್ರಕ್ಕೂ ಒಂದೊಂದು ಕವರ್ ಹಾಕಿ, ಮೇಲೆ ಪೆನ್ಸಿಲ್‌ನಲ್ಲಿ ಯಾರು ಯಾರಿಗೆ ಬರೆದುಕೊಟ್ಟದ್ದು ಅಂತ ಬರೆದೆ. ಅತ್ತೆಯಂದಿರು ಸಹಿ ಹಾಕಿದ ಪತ್ರದ ಕವರ್ ಮಾತ್ರ ಖಾಲಿ ಇಟ್ಟಿದ್ದೇನೆ. ದೊಡ್ಡತ್ತೆ ಭಾನುವಾರ ಬರ್ತಾರೆ, ಅವರನ್ನು ಕೇಳಿ ಬರೀತೀನಿ.